ಶಿವಶರಣಪ್ಪನವರ ಟವೆಲ್ಲಿನ ಮೇಲ್ಮನವಿ

ಮಸ್ಕಿಯಲ್ಲಿ ಬಸ್ಸು ಹತ್ತುವುದು ಬೇರೆ, ಸೀಟು ಹಿಡಿಯುವುದು ಬೇರೆ. ಹತ್ತುವುದಕ್ಕೆ ಕಾಲಿದ್ದರೆ ಸಾಕು. ಸೀಟು ಹಿಡಿಯುವುದಕ್ಕೆ ಕೈ ಬೇಕು, ಕಣ್ಣು ಬೇಕು, ನಾಚಿಕೆಯನ್ನು ಮನೆಯಲ್ಲೇ ಬಿಟ್ಟು ಬಂದಿರಬೇಕು. ಬಸ್ಸು ನಿಲ್ಲುವ ಮೊದಲೇ ಅದರ ಜೊತೆ ಓಡುತ್ತಾ ಕಿಟಕಿಯೊಳಗೆ ಟವೆಲ್ಲನ್ನೋ ದಸ್ತಿಯನ್ನೋ ಎಸೆಯಬೇಕು. ಅದು ಬಿದ್ದ ಸೀಟು ಎಸೆದವನದು. ಈ ಕಾನೂನನ್ನು ಯಾವ ಸರ್ಕಾರವೂ ಮಾಡಿಲ್ಲ, ಆದರೂ ಸರ್ಕಾರ ಮಾಡಿದ ಕಾನೂನುಗಳಿಗಿಂತ ಇದಕ್ಕೆ ನಮ್ಮಲ್ಲಿ ಮರ್ಯಾದೆ ಹೆಚ್ಚು. ಪಕ್ಕದವನ ಹೊಲದ ಬದು ಒತ್ತುವ ಧೀರನೂ ಇನ್ನೊಬ್ಬನ ಟವೆಲ್ಲನ್ನು ಸರಿಸಲು ಅಂಜುತ್ತಾನೆ.

ಆದರೆ ಟವೆಲ್ಲು ಸೀಟಿನ ಮೇಲೆ ಬೀಳಬೇಕಲ್ಲ! ನಮ್ಮ ಓಣಿಯ ಶಿವಶರಣಪ್ಪನವರದು ಬೀಳುತ್ತಿರಲಿಲ್ಲ. ಲಿಂಗಸುಗೂರಿನ ಒಂದು ಸೊಸೈಟಿಯಲ್ಲಿ ಗುಮಾಸ್ತರಾದ ಅವರು ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುವವರು. ಅವರ ಟವೆಲ್ಲು ಒಮ್ಮೆ ಕಿಟಕಿಯ ಸರಳಿಗೆ ಸಿಕ್ಕಿಕೊಂಡು ಲಿಂಗಸುಗೂರಿನವರೆಗೆ ಬಾವುಟದಂತೆ ಹಾರುತ್ತಾ ಹೋಯಿತು. ಇನ್ನೊಮ್ಮೆ ಒಳಗೆ ಕೂತಿದ್ದ ಮುದುಕಿಯೊಬ್ಬಳ ತಲೆಯ ಮೇಲೆ ಬಿತ್ತು. ಆಕೆ ಅದನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು, ಯಾರೋ ಪುಣ್ಯಾತ್ಮ ದಾನ ಕೊಟ್ಟ ಎಂದು ಕೈಮುಗಿದಳು. ಹೆಂಗಸರಿಗೆ ಟಿಕೆಟ್ ಮಾಫ್ ಆದ ಮೇಲಂತೂ ಬಸ್ಸುಗಳು ತುಂಬಿ ತುಳುಕತೊಡಗಿ, ಶಿವಶರಣಪ್ಪನವರು ಕುಳಿತು ಹೋಗುವ ಆಸೆಯನ್ನೇ ಕೈಬಿಟ್ಟಿದ್ದರು.

ಇಂಥವರ ಟವೆಲ್ಲು ಒಂದು ಸೋಮವಾರ ಕಿಟಕಿಯಿಂದ ಒಳಹೋಗಿ, ಗಾಳಿಯಲ್ಲಿ ಒಮ್ಮೆ ಅರಳಿ, ಇಸ್ತ್ರಿ ಮಾಡಿ ಹಾಸಿದ ಹಾಗೆ ಸೀಟಿನ ಮೇಲೆ ಬಿದ್ದು, ಅಲುಗದೆ ಕೂತಿತು. ಗುಟ್ಟು ಇಷ್ಟೇ: ಟವೆಲ್ಲಿನ ಮೂರು ಮೂಲೆಗೆ ಹುಣಸೆಬೀಜದ ಪುಟ್ಟ ಪುಟ್ಟ ಗಂಟು, ನಾಲ್ಕನೆಯ ಮೂಲೆ ಖಾಲಿ. ಖಾಲಿ ಮೂಲೆ ಹಿಡಿದು ಬೀಸಿದರೆ ಉಳಿದ ಕೆಲಸವನ್ನು ಬೀಜಗಳು ನೋಡಿಕೊಳ್ಳುತ್ತಿದ್ದವು. ಮಂಗಳವಾರವೂ ಸೀಟು ಸಿಕ್ಕಿತು, ಬುಧವಾರವೂ ಸಿಕ್ಕಿತು. ವಾರ ಮುಗಿಯುವುದರೊಳಗೆ ಶಿವಶರಣಪ್ಪನವರು ಗುಮಾಸ್ತರಾಗಿ ಉಳಿದಿರಲಿಲ್ಲ, ಮನಸ್ಸಿನಲ್ಲಿ ವಿಜ್ಞಾನಿಯಾಗಿದ್ದರು.

ಏನನ್ನಾದರೂ ಹೊಸದಾಗಿ ಕಂಡುಹಿಡಿದವರಿಗೆ, ಅದನ್ನು ಬೇರೆ ಯಾರೂ ಮಾಡಿ ಮಾರಬಾರದೆಂದು ಸರ್ಕಾರ ಪೇಟೆಂಟ್ ಎಂಬ ಹಕ್ಕು ಕೊಡುತ್ತದೆ ಎಂದು ಅವರು ಎಲ್ಲೋ ಓದಿದ್ದರು. ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ದರ್ಖಾಸ್ತು ಹಾಕಿಯೇಬಿಟ್ಟರು. ಅದರಲ್ಲಿ ಟವೆಲ್ಲಿಗೆ ‘ಆಸನ ಕಾಯ್ದಿರಿಸುವ ತ್ರಿಭಾರ ವಸ್ತ್ರ’ ಎಂದು ಹೆಸರಿಟ್ಟರು. ಅವರ ಹೆಂಡತಿ ಶಿವಕುಮಾರಿ ಇದನ್ನು ಓದಿ, “ಇದು ಮೈ ಒರೆಸಾಕ ಬರ್ತೈತೋ ಇಲ್ಲೋ?” ಎಂದು ಕೇಳಿದರು. ವಿಜ್ಞಾನಿಗಳಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಎಲ್ಲ ಕಾಲದಲ್ಲೂ ಇಷ್ಟೇ.

ಇಲ್ಲಿಗೇ ನಿಂತಿದ್ದರೆ ಕಥೆಯಿರಲಿಲ್ಲ. ಆದರೆ ಅಷ್ಟರಲ್ಲಿ ಅವರ ಮಗಳು ಜಯಶ್ರೀಗೆ ಹಟ್ಟಿಯ ಸಂಬಂಧ ಕೂಡಿ ಬಂತು. ನಿಶ್ಚಿತಾರ್ಥವೂ ಆಯಿತು. ಹುಡುಗನ ತಂದೆ ಅಮರಗುಂಡಪ್ಪನವರು ಚಿನ್ನದ ಗಣಿಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ನೆಲದೊಳಗಿನ ಚಿನ್ನವೇ ತಮ್ಮ ಕಣ್ಣು ತಪ್ಪಿಸಿಲ್ಲ, ಇನ್ನು ನೆಲದ ಮೇಲಿನದು ತಪ್ಪಿಸೀತೆ ಎಂಬ ಧೋರಣೆ ಅವರದು. ಯಾವ ಹೊಸ ಸುದ್ದಿ ಹೇಳಿದರೂ ಅವರ ಬಾಯಿಂದ ಮೊದಲು ಬರುವ ಮಾತು, “ಇದರಾಗೇನೈತಿ?”

ಲಗ್ನದ ಕಾರ್ಡಿನ ಕರಡು ಹಿಡಿದು ಅವರು ಮಸ್ಕಿಗೆ ಬಂದರು.

“ನನ್ನ ಹೆಸರಿನ ಕೆಳಗ ನಿವೃತ್ತ ಫೋರ್‌ಮನ್ ಅಂತ ಐತಿ. ನಿಮ್ಮ ಹೆಸರಿನ ಕೆಳಗ ಏನ್ ಹಾಕಿಸೋಣ್ರಿ ಬೀಗ್ರ? ಗುಮಾಸ್ತ ಅಂತ ಹಾಕಿದ್ರೂ ನಡೀತೈತಿ ಬಿಡ್ರಿ. ಅದರಾಗೇನೈತಿ?”

ಆ ಕೊನೆಯ ಮಾತು ಶಿವಶರಣಪ್ಪನವರಿಗೆ ಚುಚ್ಚಿತು.

“ಸಂಶೋಧಕರು ಅಂತ ಹಾಕಿಸ್ರಿ,” ಎಂದರು.

“ಏನ್ ಸಂಶೋಧನಾ ಮಾಡೀರಿ?”

“ದರ್ಖಾಸ್ತು ಸರ್ಕಾರದ ಮುಂದ ಐತ್ರಿ. ಈಗ ಹೇಳೂವಂಗಿಲ್ಲ.”

ರಾಕೆಟ್ಟೋ ಬಾಂಬೋ ಇರಬೇಕೆಂದು ಅಮರಗುಂಡಪ್ಪನವರು ಜೀವನದಲ್ಲಿ ಮೊದಲ ಸಲ ಸುಮ್ಮನಾದರು. ಆದರೆ ಆ ಮೌನ ಹೆಚ್ಚು ದಿನ ಬಾಳಲಿಲ್ಲ. ಅದೇ ತಿಂಗಳು ಪೇಟೆಂಟ್ ಕಚೇರಿಯಿಂದ ಉತ್ತರ ಬಂತು. ಬಟ್ಟೆ ಹಾರದಂತೆ ಮೂಲೆಗೆ ಭಾರ ಕಟ್ಟುವುದು, ಆ ಕಲೆಯಲ್ಲಿ ನುರಿತ ಯಾವ ಮನುಷ್ಯನಿಗಾದರೂ ಸಹಜವಾಗಿ ಹೊಳೆಯುವ ಸಂಗತಿ. ಆದ್ದರಿಂದ ದರ್ಖಾಸ್ತನ್ನು ತಿರಸ್ಕರಿಸಲಾಗಿದೆ.

ಈ ಸುದ್ದಿ ಹಟ್ಟಿ ಮುಟ್ಟುವುದಕ್ಕೆ ಬಸ್ಸು ಕೂಡ ಬೇಕಾಗಲಿಲ್ಲ. ಮರುದಿನವೇ ಬೀಗರು ಬಂದು ನಿಂತರು.

“ಟವೆಲ್ಲೇನ್ರಿ? ಟವೆಲ್ಲಿಗೆ ಬೀಜ ಕಟ್ಟಿದ್ದಕ್ಕ ಸಂಶೋಧನಾ ಅಂತೀರೇನು? ಇದರಾಗೇನೈತಿ? ಇದು ನನಗ ಮೂವತ್ತು ವರ್ಷದ ಹಿಂದೇ ಗೊತ್ತಿತ್ತು!”

“ಗೊತ್ತಿದ್ರ ಯಾಕ ಮಾಡ್ಲಿಲ್ಲ?”

“ಗೊತ್ತಿದ್ದದ್ದೆಲ್ಲ ಮಾಡ್ಕೋತ ಕುಂದ್ರಾಕ ನನಗ ಬ್ಯಾರೆ ಕೆಲಸ ಇರ್ಲಿಲ್ಲೇನು?”

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಮರಗುಂಡಪ್ಪನವರು ಎದ್ದು ನಿಂತು ತೀರ್ಪು ಕೊಟ್ಟರು: “ಸುಳ್ಳು ಬಿರುದಿನ ಕಾರ್ಡಿನಾಗ ನಮ್ಮ ಮನಿತನದ ಹೆಸರು ಬರೂದಿಲ್ಲ. ಗುಮಾಸ್ತ ಅಂತ ಹಾಕ್ರಿ, ನಾಳೆನೇ ಅಚ್ಚು. ಇಲ್ಲಾ, ಕೋರ್ಟಿನಿಂದ ಸಂಶೋಧಕ ಅಂತ ಹೇಳಿಸ್ಕೊಂಡು ಬರ್ರಿ. ಅಲ್ಲೀತನಕ ಕಾರ್ಡಿಲ್ಲ, ಲಗ್ನಾನೂ ಇಲ್ಲ.”

“ಕೋರ್ಟಿಗೇ ಹೋಗ್ತೀನಿ!” ಎಂದರು ಶಿವಶರಣಪ್ಪ. ಒಳಗಿನಿಂದ ಪಾತ್ರೆ ಬಿದ್ದ ಸದ್ದು ಕೇಳಿತು. ಅದು ಜಯಶ್ರೀಯ ಅಭಿಪ್ರಾಯವಾಗಿತ್ತು.

ಹೀಗೆ ಲಗ್ನ ನಿಂತಿತು. ನಮ್ಮ ಕಡೆಯ ಪೇಟೆಂಟ್ ಮೇಲ್ಮನವಿಗಳು ಚೆನ್ನೈನ ಹೈಕೋರ್ಟಿಗೆ ಹೋಗುತ್ತವಂತೆ. ಶಿವಶರಣಪ್ಪನವರು ಅಷ್ಟು ದೂರ ಹೋಗಲಾರದೆ ಸಿಂಧನೂರಿನ ವಕೀಲ ಗುರುಬಸವ ಅವರನ್ನು ಹಿಡಿದರು. ಕಾಲುವೆ ನೀರಿನ ಜಗಳ, ಭತ್ತದ ಗದ್ದೆಯ ಬದುವಿನ ಜಗಳ ಬಿಟ್ಟು ಬೇರೇನನ್ನೂ ನಡೆಸದ ಗುರುಬಸವ ಅವರಿಗೆ ಟವೆಲ್ಲಿನ ಮೇಲೆ ಬಹಳ ಪ್ರೀತಿ ಹುಟ್ಟಿತು. ಪುಸ್ತಕ ತರಿಸಿ ಓದಿ, ಕಾನೂನು ಬಿಡಿಸಿ ಹೇಳಿದರು.

“ಕಲೆಯಲ್ಲಿ ನುರಿತ ಒಬ್ಬ ಸಾಧಾರಣ ಮನುಷ್ಯ ಇರ್ತಾನ್ರಿ. ಇದು ಅವನಿಗೆ ತಾನಾಗೇ ಹೊಳೀತಿತ್ತು ಅಂದ್ರ ನಿಮಗ ಪೇಟೆಂಟಿಲ್ಲ. ಹೊಳೀತಿರಲಿಲ್ಲ ಅಂದ್ರ ಐತಿ. ಕೇಸು ಇಷ್ಟೇ.”

“ಆ ಮನುಷ್ಯ ಯಾವೂರಾವ್ರಿ? ಹೋಗಿ ಕಾಲಿಗೆ ಬೀಳ್ತೀನಿ.”

“ಅವ ಕಾನೂನಿನಾಗ ಇರ್ತಾನ್ರಿ. ಖರೇನ ಇರೂದಿಲ್ಲ.”

“ಇಲ್ಲದ ಮನುಷ್ಯ ನನ್ನ ಮಗಳ ಲಗ್ನ ನಿಂದ್ರಿಸ್ಯಾನಲ್ರಿ ವಕೀಲ್ರ!”

“ಅದಕ್ಕ ಇರೋ ಮನುಷ್ಯರನ್ನ ಕರಕೊಂಡು ಬರ್ರಿ. ಸೀಟು ಹಿಡಿಯೋದರಾಗ ಪಳಗಿದವರು. ‘ಇದು ನಮಗ ಹೊಳೆದಿರಲಿಲ್ಲ’ ಅಂತ ಒಂದು ಮಾತು ಹೇಳಿದ್ರ ಸಾಕು, ಅಫಿಡವಿಟ್ ಮಾಡಿಸಿಬಿಡೋಣು.”

ವಕೀಲರು ಕಾನೂನನ್ನು ಸರಿಯಾಗಿಯೇ ಓದಿದ್ದರು, ಜನರನ್ನು ಮರೆತಿದ್ದರು. ನಮ್ಮ ಸೀಮೆಯಲ್ಲಿ ‘ನನಗೆ ಗೊತ್ತಿಲ್ಲ’ ಎನ್ನುವ ಮಾತನ್ನು ಯಾರೂ ಆಡುವುದಿಲ್ಲ. ಹೊರಗಿನವರು ದಾರಿ ಕೇಳಲಿ. ಗೊತ್ತಿದ್ದವನು ಒಂದು ದಾರಿ ತೋರಿಸುತ್ತಾನೆ, ಗೊತ್ತಿಲ್ಲದವನು ಎರಡು ತೋರಿಸುತ್ತಾನೆ. ಬಂದವರಿಗೆ ಇಲ್ಲ ಎಂದು ಹೇಳಿ ಕಳಿಸುವುದು ನಮ್ಮ ದೃಷ್ಟಿಯಲ್ಲಿ ಅಮರ್ಯಾದೆ.

ಶಿವಶರಣಪ್ಪನವರು ಮೊದಲು ಹೋದದ್ದು ಶಂಶಾದ್‌ಬೀ ಹತ್ತಿರ. ಬಳೆ ಮಾರಲು ಸಿಂಧನೂರು, ಮಸ್ಕಿ, ಲಿಂಗಸುಗೂರು ಸಂತೆಗಳನ್ನೆಲ್ಲ ಸುತ್ತುವ ಈಕೆ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡೇ ಓಡಿ ದಸ್ತಿ ಎಸೆಯುವುದನ್ನು ನೋಡಲು ಜನ ನಿಲ್ಲುತ್ತಾರೆ.

“ಶಂಶಾದವ್ವಾ, ಟವೆಲ್ಲಿನ ಮೂಲಿಗೆ ಬೀಜ ಕಟ್ಟಿ ಒಗದ್ರ ಅಲುಗಾಡದಂಗ ಕೂಡ್ತೈತಿ. ಇದು ನಿನಗ ಯಾವಾಗರ ಹೊಳೆದಿತ್ತೇನು?”

“ಅರೇ ಅಣ್ಣಾ, ಇದರಾಗೇನೈತಿ? ನಮ್ಮ ನಾನಿ ಸೆರಗಿನ ಮೂಲಿಗೆ ಅಡಕಿ ಕಟ್ತಿದ್ಲು!”

“ಸೀಟು ಹಿಡಿಯಾಕೇನು?”

“ತಿನ್ನಾಕ. ಆದ್ರ ಕಟ್ತಿದ್ಲಲ್ಲ!”

ಅಲ್ಲಿಂದ ಕಂಡಕ್ಟರ್ ನರಸಣ್ಣನ ಹತ್ತಿರ ಬಂದರು. ಸಾವಿರಾರು ಟವೆಲ್ಲು ಬಿದ್ದದ್ದನ್ನು ಕಣ್ಣಾರೆ ಕಂಡವನು ಅವನು. ಸೀಟಿ ಬಾಯಿಂದ ತೆಗೆದು ಅವನು ಹೇಳಿದ: “ನಾ ಟ್ರೇನಿಂಗಿನಾಗ ಇದ್ದಾಗ್ಲೇ ಇದನ್ನ ಯೋಚ್ನಿ ಮಾಡಿದ್ದೆ ಸಾಹೇಬ್ರ. ಡಿಪೋದಾಗ ಹೇಳ್ಲಿಲ್ಲ. ಹೇಳಿದ್ರ ಇವ ಭಾರಿ ಶಾಣ್ಯಾ ಅದಾನಂತ ಬ್ಯಾರೆ ಜಿಲ್ಲಾಕ್ಕ ಹಾಕ್ತಿದ್ರು.”

ಒಳ್ಳೆಯ ಮಾತಿಗೆ ಬಗ್ಗದವರು ತಿಂಡಿಗೆ ಬಗ್ಗಿಯಾರೆಂದು ಶಿವಶರಣಪ್ಪನವರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ ಹೇಳಿ ಹತ್ತಾರು ಜನರನ್ನು ಕೂರಿಸಿದರು. ತಿಂದವರೆಲ್ಲ ಕೈ ತೊಳೆದು, “ನನಗೂ ಹೊಳೆದಿತ್ತು” ಎಂದರು. ಹುಟ್ಟಿದಾಗಿನಿಂದ ಎತ್ತಿನ ಬಂಡಿ ಬಿಟ್ಟು ಇನ್ನೇನನ್ನೂ ಹತ್ತದ ಒಬ್ಬ ಮುದುಕ, ತನಗೆ ಎರಡು ಸಲ ಹೊಳೆದಿತ್ತೆಂದ. ನನ್ನನ್ನೂ ಕೇಳಿದರು. ಹೊಳೆದಿತ್ತು, ಆದರೆ ಪುರುಸೊತ್ತಿರಲಿಲ್ಲ ಎಂದೆ. ಮಿರ್ಚಿ ಬಹಳ ಬಿಸಿಯಾಗಿತ್ತು, ಹೆಚ್ಚು ಯೋಚಿಸಲು ಆಗಲಿಲ್ಲ.

ಇದರಲ್ಲೊಂದು ವಿಚಿತ್ರವಿದೆ. ಇಷ್ಟು ಜನರಲ್ಲಿ ಒಬ್ಬರೂ ‘ಎಲ್ಲಿ, ಆ ಟವೆಲ್ಲು ತೋರಿಸಿ’ ಎನ್ನಲಿಲ್ಲ. ಗೊತ್ತಿರುವವನು ನೋಡುವುದೇನನ್ನು?

ಇತ್ತ ಮುಹೂರ್ತ ಎರಡು ಸಲ ಮುಂದಕ್ಕೆ ಹೋಯಿತು. ಜಯಶ್ರೀ ತಂದೆಯ ಮುಂದೆ ಬಂದು ನಿಂತಳು. “ಅಪ್ಪಾ, ಗುಮಾಸ್ತ ಅಂತ ಬರೆಸಿದ್ರ ಏನಾಗ್ತೈತಿ? ಗುಮಾಸ್ತಿಕಿ ಮಾಡೇ ನನ್ನ ಓದಿಸೀದಿ. ನನಗೇನು ನಾಚಿಕಿ ಇಲ್ಲ.”

ಶಿವಶರಣಪ್ಪನವರ ಕಣ್ಣು ತೇವವಾದವು. “ಗುಮಾಸ್ತ ಅನ್ನೋದಕ್ಕ ನನಗೂ ನಾಚಿಕಿಲ್ಲವ್ವಾ. ಆದ್ರ ಹುಟ್ಟಿದಾಗಿಂದ ನಾ ಏನ್ ಮಾಡಿದ್ರೂ ಎಲ್ಲಾರೂ ಇದರಾಗೇನೈತಿ ಅಂತಾನ ಅಂದಾರ. ಒಂದರ ನನ್ನದು ಅಂತ ಇರಲಿ. ಇದೊಂದು ಸಲ ತಡಿ.”

ಅವಳು ತಡೆದುಕೊಂಡಳು. ಆದರೆ ಹುಡುಗನಿಗೆ ಫೋನ್ ಮಾಡಿ, ವಿಚಾರಣೆಯ ದಿನ ನಿಮ್ಮ ಅಪ್ಪನನ್ನು ಸಿಂಧನೂರಿಗೆ ಕರೆದುಕೊಂಡು ಬಾ, ಇತ್ಯರ್ಥ ಅಲ್ಲೇ ಆಗಲಿ ಎಂದಳು.

ವಿಚಾರಣೆ ವಿಡಿಯೋದಲ್ಲಿ. ರೈಸ್‌ಮಿಲ್ಲು ರಸ್ತೆಯ ಕಿರಾಣಿ ಅಂಗಡಿಯ ಮೇಲಿನ ಗುರುಬಸವ ಅವರ ಆಫೀಸಿನಲ್ಲಿ ಕಂಪ್ಯೂಟರ್ ಸಿದ್ಧವಾಗಿತ್ತು. ಶಿವಶರಣಪ್ಪನವರು ಹೆಂಡತಿ, ಮಗಳೊಂದಿಗೆ ಬಂದರು. ಅವರ ಹಿಂದೆಯೇ ಅರ್ಧ ಮಸ್ಕಿಯೂ ಬಂತು. ಟವೆಲ್ಲಿಗೆ ಸರ್ಕಾರ ಏನೋ ಕೊಡುತ್ತದಂತೆ, ಮೊದಲು ಹೊಳೆದವರಿಗೆ ಅದರಲ್ಲಿ ಪಾಲು ಇರಲೇಬೇಕು ಎಂಬ ನ್ಯಾಯ ಎಲ್ಲರ ಮುಖದ ಮೇಲೂ ಕಾಣುತ್ತಿತ್ತು. ಕೊನೆಗೆ ಮಗನೊಂದಿಗೆ ಅಮರಗುಂಡಪ್ಪನವರೂ ಬಂದು ಮೂಲೆಯಲ್ಲಿ ಮೀಸೆ ತಿರುವುತ್ತಾ ನಿಂತರು.

ತೆರೆಯ ಮೇಲೆ ಜಡ್ಜಮ್ಮ ಕಾಣಿಸಿಕೊಂಡರು. ಹೊಸೂರಿನ ಕಡೆಯವರಂತೆ, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಇನ್ನೊಂದು ಚೌಕದಲ್ಲಿ ಸರ್ಕಾರದ ವಕೀಲರು ಮಾತು ಶುರುಮಾಡಿದರು. ಬಟ್ಟೆಯ ಮೂಲೆಗೆ ಭಾರ ಕಟ್ಟುವುದು ಲೋಕಕ್ಕೆಲ್ಲ ತಿಳಿದದ್ದು, ಇದು ಯಾರಿಗಾದರೂ ಹೊಳೆಯುತ್ತದೆ ಎಂದರು.

“ಬರಾಬರ್!” ಎಂದು ಶಿವಶರಣಪ್ಪನವರ ಬೆನ್ನ ಹಿಂದಿನಿಂದ ಕೂಗು ಬಂತು. ಚಪ್ಪಾಳೆಯೂ ಬಿತ್ತು.

“ಯಾರದು ಗಲಾಟೆ?” ಎಂದರು ಜಡ್ಜಮ್ಮ.

“ನಮ್ಮ ಸಾಕ್ಷಿಗಳು,” ಎಂದು ಗುರುಬಸವ ತಲೆ ತಗ್ಗಿಸಿದರು.

“ನಿಮ್ಮವರೇ? ಸರ್ಕಾರದವರೇ?”

ಗುರುಬಸವ ಉತ್ತರ ಕೊಡುವಷ್ಟರಲ್ಲಿ ಅಮರಗುಂಡಪ್ಪನವರು ಎಲ್ಲರನ್ನೂ ಸರಿಸಿ ಕ್ಯಾಮೆರಾದ ಮುಂದೆ ಬಂದಿದ್ದರು. “ನಮಸ್ಕಾರ್ರಿ ತಾಯಿ. ಇದರಾಗೇನೈತ್ರಿ? ಹಟ್ಟಿಯಾಗ ಶಿಫ್ಟು ಬಿಟ್ಟಾಗ ಬಸ್ಸಿಗೆ ಜನ ಹೆಂಗ ಮುಗಿಬೀಳ್ತಾರ ಗೊತ್ತೇನ್ರಿ? ಅಂಥಾದರಾಗ ಮೂವತ್ತು ವರ್ಷ ಸೀಟು ಹಿಡಿದೀನಿ. ಈ ಕಲೆಯಾಗ ನನಗಿಂತ ನುರಿತಾವ ಇನ್ನೊಬ್ಬಿಲ್ಲ. ಈ ಬೀಜದ ಟವೆಲ್ಲು ನನಗ ಅವಾಗ್ಲೇ ಗೊತ್ತಿತ್ತು.”

ಜಡ್ಜಮ್ಮ ಕನ್ನಡಕ ಸರಿಮಾಡಿಕೊಂಡರು. “ಹಾಗಾದರೆ ಕಾನೂನು ಹುಡುಕುತ್ತಿದ್ದ ಮನುಷ್ಯ ನೀವೇ. ಬಹಳ ಸಂತೋಷ. ಅರ್ಜಿದಾರರ ಟವೆಲ್ಲನ್ನು ನೋಡಿದ್ದೀರಾ?”

“ನೋಡೋದೇನೈತ್ರಿ?”

“ಸರಿ, ನೋಡಬೇಡಿ. ನಿಮಗೆ ಗೊತ್ತಿದ್ದದ್ದನ್ನು ಈಗ ಮಾಡಿ ತೋರಿಸಿ.”

ಕೆಳಗಿನ ಅಂಗಡಿಯಿಂದ ಹುಣಸೆಬೀಜ ಬಂತು. ವಕೀಲರದೇ ಟವೆಲ್ಲು. ಆಫೀಸಿನ ತುದಿಯಲ್ಲಿ ಒಂದು ಕುರ್ಚಿ ಇಟ್ಟು ಅದನ್ನೇ ಬಸ್ಸಿನ ಸೀಟೆಂದು ಭಾವಿಸಲಾಯಿತು. ಅಮರಗುಂಡಪ್ಪನವರು ತೋಳು ಮಡಚಿ, ನಾಲ್ಕೂ ಮೂಲೆಗೆ ಸಮನಾಗಿ ಬೀಜ ಕಟ್ಟಿ, ಕಿಟಕಿಯ ಹೊರಗಿನ ಪಡಸಾಲೆಯಿಂದ ಬೀಸಿ ಒಗೆದರು. ಟವೆಲ್ಲು ಮುದ್ದೆಯಾಗಿ ಬಂದು ಚಹಾದ ತಟ್ಟೆಯ ಮೇಲೆ ಬಿತ್ತು.

“ಬೀಜ ಕಮ್ಮಿ ಆದ್ವು,” ಎಂದ ನರಸಣ್ಣ ತಾನೇ ಮುಂದೆ ಬಂದು, ನಾಲ್ಕೂ ಮೂಲೆಗೆ ಎರಡರಷ್ಟು ಬೀಜ ಕಟ್ಟಿದ. ಅದು ಗೋಡೆಯ ಕ್ಯಾಲೆಂಡರನ್ನು ಕೆಡವಿತು. “ಗಂಡಸರ ಕೈಗೆ ಹದ ಇಲ್ಲ,” ಎಂದು ಶಂಶಾದ್‌ಬೀ ನಾಲ್ಕೂ ಮೂಲೆಗೆ ಪುಟ್ಟ ಗಂಟು ಹಾಕಿ ಎಸೆದಳು. ಅದು ಸರ್ಕಾರದ ವಕೀಲರು ಮಾತಾಡುತ್ತಿದ್ದ ತೆರೆಯನ್ನು ಮುಚ್ಚಿತು. ಬಂದವರೆಲ್ಲ ಒಬ್ಬೊಬ್ಬರಾಗಿ ಎಸೆದರು. ಎಲ್ಲರೂ ಕಟ್ಟಿದ್ದು ನಾಲ್ಕೂ ಮೂಲೆಗೆ. ಟವೆಲ್ಲು ಆಫೀಸಿನಲ್ಲಿ ಬೀಳದ ಜಾಗವೆಂದರೆ ಆ ಕುರ್ಚಿಯೊಂದೇ ಆಗಿತ್ತು.

ಆಮೇಲೆ ಶಿವಶರಣಪ್ಪನವರು ಚೀಲದಿಂದ ತಮ್ಮ ಟವೆಲ್ಲು ತೆಗೆದು, ಖಾಲಿ ಮೂಲೆ ಹಿಡಿದು, ಹೊರಗಿನಿಂದ ಬೀಸಿದರು. ಅದು ಒಳಗೆ ಬಂದು, ಅರಳಿ, ಕುರ್ಚಿಯ ಮೇಲೆ ಹಾಸಿಕೊಂಡಿತು.

“ನಾಲ್ಕನೆಯ ಮೂಲೆ ಖಾಲಿ ಬಿಟ್ಟದ್ದು ಯಾಕೆ?” ಜಡ್ಜಮ್ಮ ಮುಂದಕ್ಕೆ ಬಾಗಿ ಕೇಳಿದರು.

ಶಿವಶರಣಪ್ಪನವರು ಗಂಟಲು ಸರಿಮಾಡಿಕೊಂಡು, “ವಾಯುಮಂಡಲದ ಒತ್ತಡವನ್ನು ಗಮನಿಸಿ...” ಎಂದು ಆರಂಭಿಸಿದರು.

“ಬೀಜ ಸಾಲಲಿಲ್ರೀ ಯವ್ವಾ!” ಹಿಂದಿನಿಂದ ಶಿವಕುಮಾರಿಯವರ ಸ್ವರ ಬಂತು. “ಗಂಟು ಕಟ್ಟಿಕೊಟ್ಟಾಕಿ ನಾನ. ನಾಲ್ಕನೇದಕ್ಕ ಇಟ್ಟಿದ್ದ ಬೀಜ ಚೌಕಾಬಾರಾ ಆಡಾಕಂತ ನನ್ನ ಮಗಳು ಒಯ್ದಿದ್ಲು. ಹೊತ್ತಾಗಿತ್ತು, ಬಸ್ಸು ತಪ್ಪತೈತಂತ ಹಂಗ ಕೊಟ್ಟೆ.”

ಗುರುಬಸವ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಸರ್ಕಾರದ ವಕೀಲರು ಚೌಕದೊಳಗೇ ಎದ್ದು ನಿಂತರು. “ನೋಡಿದಿರಾ! ಇದು ಸಂಶೋಧನೆಯೇ ಅಲ್ಲ, ಬರೀ ಆಕಸ್ಮಿಕ!”

ಜಡ್ಜಮ್ಮ ನಕ್ಕರು. ಕೋರ್ಟಿನಲ್ಲಿ ಜಡ್ಜುಗಳು ನಗುತ್ತಾರೆಂದು ನಮಗೆ ಅದುವರೆಗೆ ಗೊತ್ತಿರಲಿಲ್ಲ. “ಆಕಸ್ಮಿಕವಾಗಿ ಸಿಕ್ಕಿದರೂ ಸಿಕ್ಕಿದ್ದು ಸಿಕ್ಕಿದ್ದೇ. ಸಿಕ್ಕಿದ್ದನ್ನು ಗುರುತಿಸಿ ಉಳಿಸಿಕೊಂಡವರು ಇವರು. ನಾನು ನೋಡಬೇಕಾದ್ದು ಒಂದೇ, ಇದು ತಾನಾಗಿ ಹೊಳೆಯುವಂಥದ್ದೇ ಅಂತ. ಬೀಜ ಕಟ್ಟಬೇಕೆಂದು ಹೇಳಿಕೊಟ್ಟ ಮೇಲೂ ಇಷ್ಟು ಜನ ನುರಿತವರಿಗೆ ಖಾಲಿ ಮೂಲೆ ಹೊಳೆಯಲಿಲ್ಲ. ಈಗ ನೋಡಿದರೆ ಅರ್ಜಿದಾರರಿಗೂ ಹೊಳೆದಿರಲಿಲ್ಲ! ಇದಕ್ಕಿಂತ ಸಾಕ್ಷಿ ಏನು ಬೇಕು? ಆದರೂ ಒಬ್ಬರ ಬಾಯಿಂದ ಕೇಳಿಬಿಡುತ್ತೇನೆ. ಫೋರ್‌ಮನ್ ಸಾಹೇಬರೇ, ಖಾಲಿ ಮೂಲೆಯ ವಿಷಯ ನಿಮಗೆ ಮೊದಲೇ ಗೊತ್ತಿತ್ತೇ?”

ಅಮರಗುಂಡಪ್ಪನವರ ಬಾಯಿ ಅಭ್ಯಾಸದಂತೆ ತೆರೆಯಿತು. ‘ಇದರಾ’ ಎನ್ನುವವರೆಗೆ ಮಾತು ಹೊರಗೂ ಬಂತು. ಅಷ್ಟರಲ್ಲಿ ಬಾಗಿಲ ಹತ್ತಿರ ಅಕ್ಕಪಕ್ಕ ನಿಂತಿದ್ದ ಮಗನೂ ಜಯಶ್ರೀಯೂ ಕಣ್ಣಿಗೆ ಬಿದ್ದರು. ಜಯಶ್ರೀ ಅವರನ್ನೇ ನೋಡುತ್ತಿದ್ದಳು. ಅಮರಗುಂಡಪ್ಪನವರು ಬಾಯಿ ಮುಚ್ಚಿದರು, ಮೀಸೆಯ ಮೇಲಿನ ಕೈ ಕೆಳಗಿಳಿಸಿದರು.

“ಇಲ್ರೀ ತಾಯಿ. ನನಗ ಗೊತ್ತಿರಲಿಲ್ಲ. ಹೊಳೆದೂ ಇರಲಿಲ್ಲ.”

ನಮ್ಮ ಸೀಮೆಯಲ್ಲಿ ಒಬ್ಬ ಗಂಡಸು, ಅದೂ ಗಂಡಿನ ಕಡೆಯವನು, ಅದೂ ಬೀಗರ ಎದುರಿಗೇ ಇಂಥ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಶಂಶಾದ್‌ಬೀ, “ನನಗೂ ಇಲ್ರೀ ಅಮ್ಮಾ,” ಎಂದಳು. ನರಸಣ್ಣ, “ನನಗೂ ಇಲ್ಲ,” ಎಂದ. ಬಂಡಿಯ ಮುದುಕ ತನಗೆ ಎರಡು ಸಲವೂ ಹೊಳೆದಿರಲಿಲ್ಲ ಎಂದು ತಿದ್ದುಪಡಿ ಮಾಡಿಕೊಂಡ. ನಾನೂ ಕೈ ಎತ್ತಿದೆ. ಗೊತ್ತಿಲ್ಲ ಎಂದು ಹೇಳಿದರೆ ಮೈ ಇಷ್ಟು ಹಗುರಾಗುತ್ತದೆಂದು ಯಾರೂ ನಮಗೆ ಹೇಳಿಯೇ ಇರಲಿಲ್ಲ.

ತಿರಸ್ಕಾರ ರದ್ದಾಯಿತು. ಪೇಟೆಂಟ್ ಕೊಡಿ ಎಂದು ಆಜ್ಞೆಯಾಯಿತು. ಶಿವಶರಣಪ್ಪನವರು ಜಡ್ಜಮ್ಮನಿಗೂ, ಟವೆಲ್ಲು ಬಿದ್ದ ಕುರ್ಚಿಗೂ ಕೈಮುಗಿದರು. ಶಿವಕುಮಾರಿಯವರು ಕಣ್ಣೊರೆಸಿಕೊಳ್ಳುತ್ತಾ, “ಮೈ ಒರೆಸಾಕೂ ಬರ್ತೈತ್ರಿ ಯವ್ವಾ,” ಎಂದು ಜಡ್ಜಮ್ಮನಿಗೆ ಭರವಸೆ ಕೊಟ್ಟರು.

ಸಂಜೆ ಸಿಂಧನೂರಿನಿಂದ ಮಸ್ಕಿಗೆ ಹೊರಟ ಬಸ್ಸಿಗೆ ಜನ ಮುಗಿಬಿದ್ದಿದ್ದರು. ಶಿವಶರಣಪ್ಪನವರು ಓಡಿ ಟವೆಲ್ಲು ಎಸೆದರು. ನುಗ್ಗಿ ಒಳಗೆ ಹೋಗಿ ನೋಡಿದರೆ ಅದು ಕಿಟಕಿ ಪಕ್ಕದ ಸೀಟಿನ ಮೇಲೆ ನೆಟ್ಟಗೆ ಕೂತಿತ್ತು.

“ಕೂಡ್ರಿ ಬೀಗ್ರ,” ಎಂದರು ಹೆಮ್ಮೆಯಿಂದ.

“ಛೇ, ಛೇ! ಸಂಶೋಧಕರನ್ನ ನಿಂದ್ರಿಸಿ ನಾ ಕೂಡ್ತೀನೇನು? ನೀವು ಕೂಡ್ರಿ.”

“ಗಂಡಿನ ತಂದಿ ನೀವು. ನೀವು ನಿಂತ್ರ ಊರಾಗ ಏನಂದಾರು?”

“ಕೋರ್ಟಿನಾಗ ಗೆದ್ದವರು ನೀವು!”

“ಗೆಲ್ಲಿಸಿದವರು ನೀವಲ್ರೀ!”

ಒಬ್ಬರನ್ನೊಬ್ಬರು ತೋಳು ಹಿಡಿದು ಸೀಟಿನ ಕಡೆಗೆ ದಬ್ಬತೊಡಗಿದರು. ಬಸ್ಸು ಹೊರಟಿತು, ಊರು ದಾಟಿತು, ಕಾಲುವೆಯೂ ದಾಟಿತು. ದಬ್ಬಾಟ ಮುಗಿಯಲಿಲ್ಲ. ತಲೆಯ ಮೇಲಿನ ಬುಟ್ಟಿ ಹಿಡಿದುಕೊಂಡು ಅಷ್ಟು ಹೊತ್ತು ನೋಡುತ್ತಾ ನಿಂತಿದ್ದ ಶಂಶಾದ್‌ಬೀ, ಇಬ್ಬರ ನಡುವೆ ತೂರಿ, ಟವೆಲ್ಲು ಎತ್ತಿ, ನೀಟಾಗಿ ಮಡಿಸಿ ಶಿವಶರಣಪ್ಪನವರ ಕೈಗೆ ಕೊಟ್ಟು, ಸೀಟಿನಲ್ಲಿ ಕೂತಳು.

“ನೀವು ಮಾತು ಮುಗಿಸ್ರಣ್ಣಾ, ನನಗೇನು ಅವಸರ ಇಲ್ಲ,” ಎಂದಳು.

ಬೀಗರಿಬ್ಬರೂ ಒಂದೇ ಸರಳು ಹಿಡಿದು, ಒಂದೇ ಜೋಲಿ ಹೊಡೆಯುತ್ತಾ ಮಸ್ಕಿಯವರೆಗೆ ನಿಂತುಕೊಂಡೇ ಬಂದರು. ಕಾರ್ಡು ನಾಳೆಯೇ ಅಚ್ಚಿಗೆ ಹೋಗಬೇಕೆಂದೂ, ಸಂಶೋಧಕರು ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿಸಬೇಕೆಂದೂ ಅಮರಗುಂಡಪ್ಪನವರು ದಾರಿಯುದ್ದಕ್ಕೂ ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತಿದ್ದರು.